ಸತ್ತವನಿಗೂ ನಾಳೆ ಬಾ

ಆ ಲೈಟ್ ಆರಿಸಿ, ಹೇಳ್ತೀನಿ. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ, ನನಗೇನೂ ಬೇಜಾರಿಲ್ಲ. ಇದು ನಮ್ಮ ಮೇಲಿನ ಮನೆಯ ಪ್ರಗತಿಗೆ ಆದದ್ದು. ಮೈಸೂರಿನ ಹುಡುಗಿ. ಸುಳ್ಳು ಹೇಳೋಕೆ ಹೋದರೆ ಮುಖ ಕೆಂಪಾಗುತ್ತೆ ಅವಳಿಗೆ.

ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ಅವಳ ಆಫೀಸಿನಿಂದ ನಮ್ಮ ಅಪಾರ್ಟ್‌ಮೆಂಟಿಗೆ ಕಾಲುವೆ ಪಕ್ಕದಲ್ಲೇ ನಡೆದು ಬರಬಹುದು. ಮಧ್ಯೆ ಒಂದು ದೊಡ್ಡ ಓಕ್ ಮರ, ಕೊಂಬೆಗಳು ನೀರಿನ ತನಕ ಬಾಗಿವೆ. ಅವತ್ತು ಹೊರಟಾಗ ತುಂಬಾ ತಡವಾಗಿತ್ತು. ದಾರಿಯಲ್ಲಿ ನರಪಿಳ್ಳೆ ಇಲ್ಲ. ಎಲ್ಲೋ ಹುಲ್ಲಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್... ಚಿಕ್ ಚಿಕ್ ಚಿಕ್. ಕಾಲುವೆಯಲ್ಲಿ ಏನೋ ಗುಳುಂ ಅಂತು. ಆಮೆ ಇರಬೇಕು ಅಂದುಕೊಂಡಳು. ಮರದ ಕೆಳಗೆ ಬಂದಳು ನೋಡಿ, ಫೋನು ಟಿಣ್ ಅಂತು.

ಅವಳ ಕಂಪನಿಯ ಹುಡುಗ ಕೌಸ್ತುಭನ ಮೇಲ್.

‘ಪ್ರಗತಿಯವರ, ನನ್ನ ಪತ್ರ ಆತೇನ್ರಿ?’

ಅಷ್ಟೇ. ಅವಳು ಅಲ್ಲೇ ನಿಂತುಬಿಟ್ಟಳು. ಯಾಕೆ ಅಂದರೆ... ಕೌಸ್ತುಭ ಸತ್ತು ವಾರದ ಮೇಲಾಗಿತ್ತು. ಅವನ ಶವದ ಪೆಟ್ಟಿಗೆ ಆಸ್ಟಿನ್‌ನಿಂದ ಊರಿಗೆ ಹೊರಡುವ ಮೊದಲು ಅದರ ಮೇಲೆ ಹೂ ಇಟ್ಟು ಬಂದವಳು ಇವಳೇ.

ಉಸಿರು ಬಿಡುವುದರೊಳಗೆ ಮತ್ತೆ ಟಿಣ್. ಕಂಪನಿಯಿಂದ ಅವನಿಗೆ ಉತ್ತರ ಹೋಗಿತ್ತು, ಇವಳಿಗೆ ಅದರ ಪ್ರತಿ. ‘ಪ್ರೀತಿಯ ಕೌಸ್ತುಭ್, ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತೆ. ಪುಟ್ಟ ಮಗಳು ಹೇಗಿದ್ದಾಳೆ? ಪತ್ರ ನಾಳೆ ಖಂಡಿತ ಕಳಿಸ್ತೀವಿ.’

ಬರೆದದ್ದು ಮನುಷ್ಯ ಅಲ್ಲ. ಪ್ರಗತಿ ಕಟ್ಟಿದ ಎಐ.

ಇದನ್ನು ಹೇಳುವಾಗಲೇ ನನಗೆ ಬಾಯೆಲ್ಲ ಕಹಿಯಾಗುತ್ತೆ. ಅವಳ ಬಾಸ್ ಮೋಹನರಾಜ, ಎಲ್ಲರ ಬಾಯಲ್ಲೂ ‘ಅಂಕಲ್’. ಊರಿನಿಂದ ಹುಡುಗರನ್ನು ಕರೆಸಿ ಟೆಕ್ಸಸ್ ತುಂಬಾ ಕೆಲಸಕ್ಕೆ ಕಳಿಸುವ ಕನ್ಸಲ್ಟೆನ್ಸಿ ಅವನದು. ಅವರೆಲ್ಲರ ವೀಸಾ ಅವನ ಮುಷ್ಟಿಯಲ್ಲಿ, ಪ್ರಗತಿಯದೂ ಸೇರಿ. ಹುಡುಗರ ಮೇಲ್‌ಗಳಿಗೆ ತಾನೇ ಉತ್ತರ ಬರೆಯುವ ಟೂಲ್ ಬೇಕು ಅಂದ. ಇಲ್ಲ ಅನ್ನಬಾರದು, ಕೊಡಲೂಬಾರದು, ಬೆಣ್ಣೆ ಹಚ್ಚಿ ನಾಳೆಗೆ ತಳ್ಳಬೇಕು. “ನಮ್ಮೋರಿಗೆ ಕನ್ನಡದಲ್ಲೇ ಬರೀಲಮ್ಮ ಅದು. ಇಂಗ್ಲಿಷ್‌ನಲ್ಲಿ ಬರೆದ್ರೆ ಲಾಯರ್ ಹತ್ರ ಹೋಗ್ತಾರೆ, ಕನ್ನಡದಲ್ಲಿ ಬರೆದ್ರೆ ಕರಗಿಹೋಗ್ತಾರೆ” ಅಂದಿದ್ದನಂತೆ. ಥೂ! ನಮ್ಮ ಭಾಷೆಯನ್ನು ಇದಕ್ಕೂ ಬಳಸಿದನಲ್ಲ.

ಹಿಂದೆ ನಮ್ಮ ಬೆಂಗಳೂರು ಕಡೆ ದೆವ್ವ ರಾತ್ರಿ ಬಾಗಿಲು ತಟ್ಟುತ್ತೆ ಅಂತ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದರಲ್ಲ. ಅದು ಓದಿಕೊಂಡು ಹೋಗುತ್ತೆ, ಮರುರಾತ್ರಿ ಬರುತ್ತೆ, ಮತ್ತೆ ಓದಿಕೊಂಡು ಹೋಗುತ್ತೆ. ಆಫೀಸಿನಲ್ಲಿ ಟೂಲಿಗೆ ತಮಾಷೆಗೆ ಅದೇ ಹೆಸರಿಟ್ಟರು. ಇಟ್ಟವಳು ಪ್ರಗತಿಯೇ. ಎಲ್ಲರೂ ನಕ್ಕರಂತೆ.

ಕೌಸ್ತುಭ ಧಾರವಾಡದವನು, ಆಸ್ಟಿನ್‌ನಲ್ಲಿ ಕೆಲಸಕ್ಕಿದ್ದ. ಹೆಂಡತಿ ನೇಹಾ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತು. ಇವನಿನ್ನೂ ಅದರ ಮುಖ ನೋಡಿರಲಿಲ್ಲ. ಊರಿಗೆ ಹೋಗಿ, ವೀಸಾ ಮುದ್ರೆ ಹಾಕಿಸಿಕೊಂಡು ವಾಪಸ್ ಬರಬೇಕು ಅಂದರೆ, ‘ಇವನು ನಮ್ಮಲ್ಲಿ ಕೆಲಸದಲ್ಲಿದ್ದಾನೆ’ ಅಂತ ಕಂಪನಿಯ ಪತ್ರ ಬೇಕು. ಅದನ್ನೇ ಕೇಳಿದ. ಟೂಲ್ ನಾಳೆ ಅಂತು. ಮತ್ತೆ ಕೇಳಿದ, ಮತ್ತೆ ನಾಳೆ. ಹೋದವನು ಊರಲ್ಲೇ ಉಳಿದುಬಿಟ್ಟಾನು ಅಂತ ಅಂಕಲ್‌ಗೆ ಭಯ. ಕೊನೆಗೆ ಕೈಯಲ್ಲೇ ಇಸ್ಕೊಂಡು ಹೋಗ್ತೀನಿ ಅಂತ ಹುಡುಗ ಕೆಲಸ ಮುಗಿಸಿ, ರಾತ್ರಿ ಕಾರು ಹತ್ತಿ ಡಾಲಸ್ ಕಡೆ ಹೊರಟ. ಅರ್ಧ ದಾರಿಯಲ್ಲಿ ವೇಕೋ ಅನ್ನೋ ಊರಿನ ಹತ್ತಿರ ಕಣ್ಣು ಎಳೆದಿರಬೇಕು... ನಿಂತಿದ್ದ ಟ್ರಕ್ಕಿನ ಅಡಿಗೆ ಹೋಯಿತು ಕಾರು.

ಆ ಮೇಲ್ ಬಂದ ಮರುದಿನ ಬೆಳಗ್ಗೆ ಪ್ರಗತಿ ಅಂಕಲ್‌ಗೆ ಫೋನು ತೋರಿಸಿದಳು. ಅವನು ಡಬ್ಬಿಯಿಂದ ದೋಸೆ ತಿನ್ನುತ್ತಿದ್ದ. ಚಟ್ನಿಯ ಬೆರಳಲ್ಲೇ ಮೇಲ್ ಸರಿಸಿ ಓದಿದ.

“ಯಾರೋ ಹ್ಯಾಕ್ ಮಾಡಿರ್ತಾರೆ ಬಿಡಮ್ಮ.”

“ಅಂಕಲ್, ಮೇಲ್ ನಿಲ್ಲಿಸೋಣ. ಸತ್ತೋನಿಗೆ ಉತ್ತರ ಹೋಗ್ತಿದೆ...”

“ಸತ್ತೋನನ್ನೂ ಸಮಾಧಾನ ಮಾಡತ್ತೆ ಅಂದ್ರೆ ಏನು ಪ್ರಾಡಕ್ಟ್ ನೋಡು ಇದು!” ಅಂದು ಬೆರಳು ಚೀಪಿದ. “ಟೂಲ್ ಕೊಳ್ಳೋ ಹೂಸ್ಟನ್‌ನೋರ ಡೆಮೋಗೆ ಇವನ ಮೇಲ್‌ಗಳನ್ನೇ ಹಾಕು. ಎಷ್ಟು ಸಲ ಕೇಳಿದಾನೆ, ಒಂದ್ಸಲ ಆದ್ರೂ ಸಿಟ್ಟು ಮಾಡ್ಕೊಂಡಿದಾನಾ? ಹೆಸರು ಮಾತ್ರ ಬದಲಾಯ್ಸು.”

ಅವಳು ಟಾಯ್ಲೆಟ್‌ಗೆ ಓಡಿ ವಾಂತಿ ಮಾಡಿಕೊಂಡಳಂತೆ. ಆಮೇಲೆ ಫೋನನ್ನು ಸೋಪು ಹಚ್ಚಿ ಒರೆಸಿದಳು. ಆದರೂ ಬಂದು ಡೆಮೋ ಮಾಡೋಕೆ ಕೂತಳು, ಅದನ್ನೂ ಹೇಳಿಬಿಡ್ತೀನಿ. ಕೆಲಸ ಹೋದರೆ ವೀಸಾ ಹೋಗುತ್ತೆ, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು. “ನನ್ನ ಮೇಲೆ ನನಗೇ ಹೇಸಿಗೆ ಆಗ್ತಿತ್ತು” ಅಂದಳು ನನ್ನ ಹತ್ತಿರ.

ಮೇಲ್ ದಿನಾ ರಾತ್ರಿ ಬರತೊಡಗಿತು. ‘ವೇಕೋ ದಾಟೇನ್ರಿ.’ ಟೂಲ್ ಅಂತು, ಹುಷಾರಾಗಿ ಬನ್ನಿ, ಪತ್ರ ನಾಳೆ. ಮರುರಾತ್ರಿ, ‘ಡಾಲಸ್‌ಗೆ ಬಂದೇನ್ರಿ.’ ಪತ್ರ ನಾಳೆ. ಅದರ ಮಾರನೆಯ ರಾತ್ರಿ ಅವಳು ಡೆಮೋ ಮುಗಿಸಲು ಆಫೀಸಿನಲ್ಲಿ ಒಬ್ಬಳೇ. ಬೆಳಗಾದರೆ ಹೂಸ್ಟನ್‌ಗೆ ಹೊರಡಬೇಕು.

ಟಿಣ್.

‘ಆಫೀಸಿನ ಕೆಳಗ ನಿಂತೇನ್ರಿ.’

ಹೊರಗೆ ಲಿಫ್ಟು ಡಿಂಗ್ ಅಂತು. ಬಾಗಿಲು ಸರ್‍ರನೆ ಸರಿದ ಸದ್ದು. ಆಮೇಲೆ ಕಾರ್ಪೆಟ್ಟಿನ ಮೇಲೆ ಕಾಲು ಎಳೆಯುವುದು... ಸರಕ್... ಸರಕ್... ಗಾಜಿನ ಬಾಗಿಲ ಹತ್ತಿರ ನಿಂತಿತು. ಉಗುರಿನಿಂದ ಟಕ್... ಟಕ್. ಗಾಜಿನ ಆಚೆ ಯಾರೂ ಇಲ್ಲ. ಗಾಜಿಗೆ ಮಾತ್ರ ಉಸಿರಿನ ಮಂಜು ಹಿಡಿಯುತ್ತಿತ್ತು.

“ಪ್ರಗತಿಯವರ...” ಪಿಸುದನಿ. “ಪತ್ರ ಆತೇನ್ರಿ?”

ಸ್ಕ್ರೀನಿನ ಮೇಲೆ ಟೂಲ್ ಆಗಲೇ ಬರೆಯುತ್ತಿತ್ತು, ‘ಪ್ರೀತಿಯ ಕೌಸ್ತುಭ್, ನಿಮ್ಮ ಕಷ್ಟ ನಮಗೆ...’ ಆ ಜೇನಿನಂಥ ಮಾತು ನೋಡಿ ಅವಳಿಗೆ ಹೆದರಿಕೆಗಿಂತ ಹೆಚ್ಚು ಅಸಹ್ಯ ಆಯಿತು. ಹೋಗಲಿ ನನ್ನ ವೀಸಾ ಅಂದುಕೊಂಡಳು. ಇಡೀ ಟೂಲನ್ನೇ ನಿಲ್ಲಿಸಿಬಿಟ್ಟಳು.



“ಕೌಸ್ತುಭ್,” ಅಂದಳು ಬಾಗಿಲ ಕಡೆ ತಿರುಗಿ, “ಅಂಕಲ್ ಪತ್ರ ಕೊಡಲ್ಲ. ಮೊದಲಿಂದಾನೂ ಕೊಡೋ ಯೋಚನೆ ಇರಲಿಲ್ಲ. ಅದು ನನಗೆ ಗೊತ್ತಿತ್ತು.”



“ಇದನ್ನ ಅವತ್ತ ಹೇಳಿದ್ರ,” ಅಂತು ದನಿ, ಸಿಟ್ಟಿಲ್ಲ, ಏನಿಲ್ಲ, “ಕೆಲಸಾ ಬಿಟ್ಟು ಹೋಗಿಬಿಡ್ತಿದ್ದೆನ್ರಿ. ಕೂಸಿನ ಮುಖಾ ನೋಡಿರ್ತಿದ್ದೆ.”

ಗಾಜಿನ ಮೇಲಿನ ಮಂಜು ಆರಿತು. ಸರಕ್... ಸರಕ್... ಲಿಫ್ಟು ಡಿಂಗ್ ಅಂತು.

ಪ್ರಗತಿ ಹೂಸ್ಟನ್‌ಗೆ ಹೋಗಲಿಲ್ಲ. ಅಂಕಲ್ ಅವಳನ್ನು ಕೆಲಸದಿಂದ ತೆಗೆದ, ಟೂಲನ್ನು ಮತ್ತೆ ಚಾಲೂ ಮಾಡಿಸಿ ತಾನೇ ಹೋಗಿ ಮಾರಿದ. ಹೂಸ್ಟನ್‌ನವರು ಬಾಯಿ ಚಪ್ಪರಿಸಿಕೊಂಡು ತಗೊಂಡರಂತೆ. ಈಗಲೂ ನಡೀತಿದೆ ಅದು. ಅಲ್ಲಿ ಇವತ್ತೂ ಯಾರಿಗೋ ನಾಳೆ ಅಂತಿರುತ್ತೆ. ಇಂಥವರ ಮನೆಯಲ್ಲಿ ನೀರು ಕುಡಿಯೋಕೂ ನನಗೆ ಮನಸ್ಸು ಬರಲ್ಲ.

ಊರಿಗೆ ಹೊರಡುವ ಮೊದಲು ಪ್ರಗತಿ ನಮ್ಮ ಅಡುಗೆಮನೆಯಲ್ಲಿ ಕೂತು ನೇಹಾಗೆ ಫೋನ್ ಮಾಡಿದಳು, ತಪ್ಪು ಒಪ್ಪಿಕೊಳ್ಳೋಕೆ. ಸ್ಪೀಕರಿನಲ್ಲಿ ಇಟ್ಟಿದ್ದಳು, ನಾನು ಪಕ್ಕದಲ್ಲೇ ಇದ್ದೆ. ಎಲ್ಲ ಕೇಳಿಸಿಕೊಂಡು ನೇಹಾ, ಅದು ಯಾವ ರಾತ್ರಿ ಅಂತ ಕೇಳಿದಳು. ಪ್ರಗತಿ ಹೇಳಿದಳು. ಇಲ್ಲಿ ರಾತ್ರಿ ಅಂದರೆ ಅಲ್ಲಿ ಬೆಳಗ್ಗೆ.

“ಅವತ್ತ ಮುಂಜಾನೆ ಕೂಸಿಗೆ ನೀರು ಹಾಕಾಕ ಎತ್ತಿಕೊಂಡ್ರ, ಕೆನ್ನಿ ಮ್ಯಾಲೆ ದೃಷ್ಟಿಬೊಟ್ಟು ಇತ್ರಿ ಅಕ್ಕಾರ. ನಾ ಹಚ್ಚಿಲ್ಲ, ಅವ್ವ ಹಚ್ಚಿಲ್ಲ. ಬಾಗಿಲಾ ಒಳಗಿಂದ ಹಾಕಿತ್ತು.”

“ಕಾಡಿಗೆ ತಾಗಿರಬಹುದಲ್ಲಾ ನೇಹಾ...”

“ಕಾಡಿಗಿ ಅಲ್ರಿ ಅದು. ಗಾಡಿ ಗ್ರೀಸ್. ನಮ್ಮನ್ಯಾಗ ಗಾಡೀನ ಇಲ್ಲ.”

ಅವಳು ಕಳಿಸಿದ ಫೋಟೋ ನಾನು ನೋಡಿದ್ದೀನಿ, ಈ ಕಣ್ಣಿನಿಂದಲೇ. ಮಗು ನಗುತ್ತಿತ್ತು. ಬೊಟ್ಟು ಗಂಡಸಿನ ಹೆಬ್ಬೆರಳಿನಷ್ಟು ಅಗಲ ಇತ್ತು.