ಆ ಕಡೆ ಗೆರೆ, ಈ ಕಡೆ ಗೆರೆ

ಭಾನುವಾರ ಅಲ್ಲ ಅಕ್ಕಾ, ಮಂಗಳವಾರ! ನಾನು ಮೊದಲ ಸಲ ಮನೆ ಬಿಟ್ಟು ಹೋಗಿದ್ದು ಮಂಗಳವಾರ. ಲೆಕ್ಕದ ಮೇಷ್ಟ್ರು ಕಿವಿ ಹಿಂಡಿದ್ರು, ನಾನು ಶಾಲೆ ಹಿಂದಿನ ಗೋಡೆ ಹಾರಿ... ನಗಬೇಡ! ಬಾಗಿಲಿನ ಈ ಚಿಲಕ ಸ್ವಲ್ಪ ಒತ್ತಿ ಹಿಡ್ಕೋ. ಹಾಂ, ಹಾಗೆ. ಸ್ಕ್ರೂ ಕೊಡು.

ಅದಿರ್ಲಿ, ರಸ್ತೆಗೆ ಗುಡ್ಡ ಸೀಳಿದೀವಲ್ಲ, ಬಂದು ನೋಡು ಅಂತ ಎಷ್ಟು ಸಲ ಬಡ್ಕೊಂಡೆ? ಬಿಳಿ ಸುಣ್ಣದ ಕಲ್ಲು, ನಡುನಡುವೆ ಕರೀ ಚಕಮಕಿ ಕಲ್ಲಿನ ಗೆರೆ. ಬಿಳಿ ಬಟ್ಟೆಗೆ ನೀನು ಕಪ್ಪು ದಾರ ಹಾಕಿದ ಹಾಗೆ! ಒಂದು ಕಾಲಕ್ಕೆ ಸಮುದ್ರದ ತಳವಂತೆ ಅದು. ಬಿಳಿಯೆಲ್ಲ ಚಿಪ್ಪಿನ ಪುಡಿಯಂತೆ... ಯಾಕೆ ಹಾಗೆ ನೋಡ್ತೀಯ? ನಾನೂ ನಂಬ್ಲಿಲ್ಲ. ಕೆರೆದು ನೋಡ್ದೆ, ಪುಟ್ಟ ಶಂಖ ಸಿಕ್ತು! ಕಿಟಕೀಲಿ ಇಟ್ಟಿದೀನಿ. ನಿನಗೇ.

ಬಿಳಿ ಕಲ್ಲಲ್ಲಿ ಡ್ರಿಲ್ಲು ಸಲೀಸಾಗಿ ಇಳಿಯುತ್ತೆ. ಕರಿ ಗೆರೆ ಸಿಕ್ತೋ, ಮುಗೀತು! ಕಿರ್ರ್ ಅಂತ ಕಿರುಚುತ್ತೆ, ಕಿಡಿ ಹಾರುತ್ತೆ. ಮಳೆಗೆ ಬಿಳಿ ಕರಗಿ ಕರಗಿ ಹೋದ್ರೂ ಅದು ಮಾತ್ರ ಹಲ್ಲು ಬಿಟ್ಕೊಂಡು ಅಲ್ಲೇ ಇರುತ್ತೆ. ಮೊಂಡು! ನಿನ್ನ ಜ್ಞಾಪಕ ಬಂತು, ನಿಜ. ಭಾವ ತೀರಿಕೊಂಡ ಮೇಲೂ ಇದೇ ಮನೆ, ಇದೇ ಹೊಲಿಗೆ ಮಿಷನ್ನು...

ತಮಾಷೆ ಗೊತ್ತಾ? ರಸ್ತೆಯ ಈ ಕಡೆ ಇರೋ ಗೆರೆಯೇ ಆ ಕಡೇನೂ ಇದೆ. ಅದೇ ಎತ್ತರ, ಅದೇ ಸೊಟ್ಟ. ನಡುವೆ ಲಾರಿ ಓಡುತ್ತೆ, ಆದ್ರೂ ಒಂದೇ ಗೆರೆ ಅಕ್ಕಾ! ಎಷ್ಟು ದೂರ ಆದ್ರೂ... ಹೂಂ, ಬಿಡು.

ಇರ್ತೀನಿ ಅಂದೆನಲ್ಲ! ಮಿಷನ್ ಹಜಾರಕ್ಕೆ ಎಳೆದು ನನಗೆ ರೂಮು ಮಾಡಿದೀಯ, ಮಂಚ ಹಾಕಿದೀಯ, ಇನ್ನೆಲ್ಲಿಗೆ ಹೋಗ್ಲಿ? ಗುಡ್ಡದ ಕೆಲಸ ಇನ್ನೂ ಬೇಕಾದಷ್ಟಿದೆ... ಇದೆ! ಹಾಂ, ನೋಡು, ಚಿಲಕ ಹೇಗೆ ಬೀಳುತ್ತೆ. ಟಕ್! ಇನ್ನು ಒಬ್ಬಳೇ ಇದ್ರೂ ನಿನಗೆ ಭಯ ಇಲ್ಲ...

ಏನು? ಒಬ್ಬಳೇ ಅಂದ್ನಾ? ಬಾಯಿ ತಪ್ಪಿ ಬಂತು. ಆ ಸ್ಟೂಲನ್ನ ಯಾಕೆ ನೋಡ್ತೀಯ? ಹೌದು, ಅದರ ಮುರಿದ ಕಾಲು ಕೂಡಿಸಿದ್ದು ನಾನೇ, ಹಿಂದಿನ ಸಲ ಹೋಗೋ ದಿನ. ಕಿಟಕಿ ಗಾಜು ಹಾಕಿದ್ದು... ಅದಕ್ಕೂ ಹಿಂದಿನ ಸಲ ಹೋಗೋವಾಗ.

ಅಯ್ಯೋ. ಬೆಳಿಗ್ಗೆ ನಾನು ಸ್ಕ್ರೂಡ್ರೈವರ್ ಹುಡುಕಿದಾಗಲೇ ಗೊತ್ತಾಯ್ತಾ ನಿನಗೆ?

ಲಾರಿ ಬೀದಿ ಕೊನೇಲಿ ನಿಂತಿದೆ. ಈ ಗುಡ್ಡ ಮುಗೀತು, ಇನ್ನೊಂದಕ್ಕೆ ಕರೀತಿದಾರೆ. ನನ್ನ ಕಾಲು ನಿಲ್ಲಲ್ಲ ಅಕ್ಕಾ, ನಿನಗೆ ಗೊತ್ತಲ್ಲ... ಟವೆಲ್ಲು ಇಲ್ಲಿದೆ. ಇನ್ನೊಂದು ಶರ್ಟು ಎಲ್ಲಿ? ಸಿಕ್ತು, ಸಿಕ್ತು. ಬ್ಯಾಗಿನ ಜಿಪ್ಪು ಯಾಕೋ... ಹಾಂ, ಆಯ್ತು. ನಾನು ಹೋದ ಮೇಲೆ ಚಿಲಕ ಹಾಕ್ಕೋ, ಮರೀಬೇಡ.

ಅಕ್ಕಾ? ಸ್ಕ್ರೂಡ್ರೈವರ್ ಕೆಳಗಿಡು. ಈಗ ತಾನೇ ಹಾಕಿದ್ದು... ಯಾಕೆ ಬಿಚ್ತಿದೀಯ ಅದನ್ನ?