ಕೇಳದೇ ಹಾಕಿದ ಸ್ವಿಚ್ಚು

ಸ್ಟೆಲಿಯೋಸನಿಗೆ ಬೈಕಿನ ಸೈಡ್ ಸ್ಟ್ಯಾಂಡ್ ಎತ್ತುವ ಅಭ್ಯಾಸವಿರಲಿಲ್ಲ. ಈಸ್ಟರಿನ ಹಿಂದಿನ ದಿನ ಗ್ರೀಸಿನ ಕಲಾಮಾಟ ಊರಿನ ಬೇಕರಿ ಸಾಲಿನಲ್ಲಿ, ನನ್ನ ಮುಂದೆಯೇ, ಅವನ ಹೆಂಡತಿ ಎವಾಂಥಿಯಾ ಮೆಕ್ಯಾನಿಕ್ ಥೊಡೊರಿಸನ ಕೈ ಹಿಡಿದುಕೊಂಡಳು.

“ಸ್ಟ್ಯಾಂಡಿನ ಸ್ವಿಚ್ ಕೆಟ್ಟಿದೆ, ಅದನ್ನ ಕಿತ್ತು ವೈರ್ ನೇರ ಜೋಡಿಸಿಬಿಡು ಸಾಕು ಅಂದಿದ್ದನಲ್ಲ ನನ್ನ ಗಂಡ?”

“ಊರಿನವರೆಲ್ಲ ಅದನ್ನೇ ಹೇಳೋದು, ಎವಾಂಥಿಯಾ ಅಮ್ಮ. ನಾನು ಹೂಂ ಅಂದು ಹೊಸ ಸ್ವಿಚ್ಚೇ ಹಾಕಿದೆ, ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದ್ರೆ ಇಂಜಿನ್ ನಿಲ್ಲಿಸೋದು ಅದೇ ತಾನೆ. ಯಾಕೆ, ಬೈತಿದಾನಾ?”

“ಬೆಳಿಗ್ಗೆ ಸ್ಟ್ಯಾಂಡ್ ಎತ್ತದೇ ಗೇರ್ ಹಾಕಿದ. ಇಂಜಿನ್ ಅಲ್ಲೇ ಆಫ್. ನಿನ್ನನ್ನ ಚೆನ್ನಾಗಿ ಬೈದ. ಆಮೇಲೆ ಕೆಳಗೆ ನೋಡಿ ಸ್ಟ್ಯಾಂಡ್ ಎತ್ತಿದ.”

“ನಿಮ್ಮ ಮನೆ ಗೇಟು ದಾಟಿದ್ರೆ ಎಡಕ್ಕೆ ತಿರುವು, ಪಕ್ಕದಲ್ಲೇ ಕಣಿವೆ. ಸ್ಟ್ಯಾಂಡ್ ನೆಲಕ್ಕೆ ತಗುಲಿದ್ದಿದ್ರೆ...”

“ಹಿಂದೆ ನಾನೂ ಕೂತಿದ್ದೆ ಮೇಸ್ತ್ರಿ. ನಿನ್ನ ಕೈ ಚೆನ್ನಾಗಿರಲಿ.”

“ಏನೂ ಹಾಳಾಗ್ಲಿಲ್ವಾ?”

ಹಬ್ಬದ ಬ್ರೆಡ್ಡು ಎತ್ತಿಕೊಂಡು ಹೊರಡುತ್ತಾ ಹೇಳಿದಳು:

“ಬೈಕ್ ಜಗ್ಗಿದಾಗ ತೊಡೆ ಮೇಲಿದ್ದ ಬುಟ್ಟಿ ಬಿತ್ತು. ಈಸ್ಟರಿಗೆ ಅಂತ ಕೆಂಪು ಬಣ್ಣ ಹಾಕಿದ ಮೊಟ್ಟೆ, ಹನ್ನೊಂದು ಒಡೆದವು.”