ಅಕ್ಕನ ಊರಿಗೆ ಹೊರಟ ಸೈಕಲ್ಲು

ಹೊಗಳಿಕೆ ಬೇಡ ಅನ್ನುವವರು ಈ ಸಭೆಯಲ್ಲಿ ಇದ್ದರೆ ಕೈ ಎತ್ತಿ, ನೋಡೋಣ. ಒಬ್ಬರೂ ಎತ್ತಲಿಲ್ಲ. ಸಂತೋಷ, ಸುಳ್ಳು ಹೇಳದ ಜನ ನೀವು. ಹಾಗಾದರೆ ಇವತ್ತಿನ ಪ್ರವಚನದಲ್ಲಿ ಒಂದು ಕಥೆ ಹೇಳುತ್ತೇನೆ. ಸಿಹಿ ಕಥೆಯಲ್ಲ, ಬೇವಿನ ಕಷಾಯ. ಮುಖ ಕಿವುಚಿಕೊಂಡಾದರೂ ಕುಡಿಯಿರಿ.

ಒಬ್ಬ ಸಾಹುಕಾರ. ಊರು ಯಾವುದಾದರೇನು, ನಿಮ್ಮೂರೇ ಅಂದುಕೊಳ್ಳಿ. ಪೇಟೆಯಲ್ಲಿ ಮೂರಂತಸ್ತಿನ ಜವಳಿ ಅಂಗಡಿ, ಮನೆ ಮುಂದೆ ಎರಡು ಕಾರು. ಇಷ್ಟೆಲ್ಲ ಇದ್ದವನಿಗೆ ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ನಡೆದರೆ ಯಾರು ನೋಡುತ್ತಾರೆ ಹೇಳಿ? ಗೇರಿನ ಸೈಕಲ್ಲು ತರಿಸಿದ. ತಲೆಗೆ ಹೆಲ್ಮೆಟ್ಟು, ಮೈಗೆ ಅಂಟಿದ ಹಳದಿ ಅಂಗಿ, ಮೊಣಕಾಲಿನ ಮೇಲೆ ನಿಲ್ಲುವ ಕರಿ ಚಡ್ಡಿ, ಹಿಂದಿನ ಚಕ್ರದ ಎರಡೂ ಮಗ್ಗುಲಿಗೆ ಚೀಲ. ಒಬ್ಬನೇ ಕನ್ಯಾಕುಮಾರಿಗೆ ಹೋಗಿ ಬಂದ. ಮುಂದಿನ ವರ್ಷ ಒಬ್ಬನೇ ದ್ವಾರಕೆಗೆ ಹೋಗಿ ಬಂದ. ಸಮುದ್ರದ ಮುಂದೆ ಸೈಕಲ್ ಎತ್ತಿ ಹಿಡಿದ ಫೋಟೋಗೆ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ. ಸೀರೆ ಕೊಳ್ಳಲು ಬಂದವರು ಮೊದಲು ಆ ಫೋಟೋ ನೋಡಿ ಬೆರಗಾಗಬೇಕು, ಆಮೇಲೆ ಸೀರೆ.

ಅವನಿಗೆ ಒಬ್ಬಳು ಅಕ್ಕ ಇದ್ದಳು. ತಾಯಿ ಸತ್ತ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಊರು ನಸುಕಿನಲ್ಲಿ ಪೆಡಲ್ ತುಳಿಯಲು ಶುರುಮಾಡಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ದಾರಿ. ಹೋಗುತ್ತಿದ್ದನೇ? ವರ್ಷಗಳಿಂದ ಹೋಗಿರಲಿಲ್ಲ. ಜಗಳವಾಗಿತ್ತೇ? ನೋಡಿ, ಜಗಳವಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ನೆಪ ಇರುತ್ತಿತ್ತು. ಜಗಳವಿಲ್ಲ, ಮುನಿಸಿಲ್ಲ, ಏನೂ ಇಲ್ಲ. ಸುಮ್ಮನೆ ಹೋಗಿರಲಿಲ್ಲ. ಅಕ್ಕನ ಮನೆ ಮುಂದೆ ಸೈಕಲ್ ಎತ್ತಿ ಫೋಟೋ ತೆಗೆಸಿಕೊಂಡರೆ ಯಾರು ಬೆರಗಾಗುತ್ತಾರೆ?

ಒಂದು ಸಂಜೆ ಅಕ್ಕನ ಮಗ ಫೋನು ಮಾಡಿದ.

"ಮಾಮಾ, ಅವ್ವಂದು ಇನ್ನ ಭಾಳ ಹೊತ್ತಿಲ್ಲ. ಯಾರು ನೀರು ಹಾಕಿದ್ರೂ ಬಾಯಿ ತೆಗಿವಲ್ಲಳು. ನನ್ನ ತಮ್ಮ ಬಂದು ಹಾಕ್ಲಿ ಅಂತಾಳ."

ಕೊನೆಯ ನೀರು ಯಾರ ಕೈಯಿಂದ ಅನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ, ನಿಮಗೆ ಗೊತ್ತು. ಅವನಿಗೂ ಗೊತ್ತಿತ್ತು. ಆ ಸಂಜೆಯೇ ಕಾರು ಹತ್ತಬಹುದಿತ್ತಲ್ಲ ಅಂತ ಕೇಳುತ್ತೀರಿ. ಕೇಳಲೇಬೇಕು. ಬೆಳಿಗ್ಗೆ ಹೋದರಾಯಿತು ಅಂದುಕೊಂಡ. ಬೆಳಿಗ್ಗೆ ಎದ್ದರೆ ಬಂದ್. ರೈಲು ಮಾರ್ಗ ಬೇಕು ಅಂತ ಆ ಕಡೆಯ ತಾಲೂಕುಗಳೆಲ್ಲ ಸೇರಿ ಕರೆದ ಬಂದ್. ಬಸ್ಸಿಲ್ಲ, ಕಾರು ರಸ್ತೆಗಿಳಿದರೆ ಕಲ್ಲು. ಆಗ ಅವನ ಕಣ್ಣು ಸೈಕಲ್ ಮೇಲೆ ಬಿತ್ತು. ಸೈಕಲ್ಲನ್ನು ಯಾರು ತಡೆಯುತ್ತಾರೆ? ಸೈಕಲ್ ಮೇಲೆ ಬರುತ್ತಿದ್ದೇನೆ ಅಂತ ಅಕ್ಕನ ಮಗನಿಗೆ ಫೋನು ಮಾಡಿ, ಅದೇ ಹೆಲ್ಮೆಟ್ಟು, ಅದೇ ಹಳದಿ ಅಂಗಿ ಹಾಕಿಕೊಂಡು ಹೊರಟ. ಅನ್ಯಾಯವಾಗಿ ಮಾತಾಡಬಾರದು, ಹೊರಡುವಾಗ ಅವನ ಕಣ್ಣಲ್ಲಿ ನೀರಿತ್ತು. ಅಕ್ಕಾ, ಬಂದೆ, ಬಂದೆ ಅನ್ನುತ್ತಲೇ ತುಳಿದ. ಸೂರ್ಯಕಾಂತಿ ಹೊಲಗಳು ಹಿಂದೆ ಸರಿದವು, ಹಳ್ಳದ ಸೇತುವೆ ಹಿಂದೆ ಬಿತ್ತು. ರಸ್ತೆಯ ಮೇಲೆ ಅವನೊಬ್ಬನೇ.

ಮೊದಲನೆಯ ಊರು ಬಂತು. ಸರ್ಕಲ್‌ನಲ್ಲಿ ಟೈರು ಉರಿಯುತ್ತಿತ್ತು. ಅಂಗಡಿ ಮುಚ್ಚಿ ಕೂತ ಜನ, ಪೆಂಡಾಲು, ಮೈಕು, ಬರುವ ಮುಖಂಡರಿಗೆಂದು ತರಿಸಿಟ್ಟ ಹಾರಗಳ ಬುಟ್ಟಿ. ಮುಖಂಡರು ಮಾತ್ರ ಬಂದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಹಳದಿ ಅಂಗಿಯ ಒಬ್ಬ ಮನುಷ್ಯ ಸೈಕಲ್ ಮೇಲೆ, ಬೆವರು ಸುರಿಸಿಕೊಂಡು, ದೂರದಿಂದ ಬರುತ್ತಿದ್ದಾನೆ. ಅವರಿಗೆ ಏನನ್ನಿಸಿತು ಹೇಳಿ? ನಮ್ಮ ರೈಲಿಗಾಗಿ ಯಾರೋ ಪುಣ್ಯಾತ್ಮರು ಸೈಕಲ್ ಯಾತ್ರೆ ಹೊರಟಿದ್ದಾರೆ ಅನ್ನಿಸಿತು. ಮೈಕಿನವನು ಕೂಗಿಯೇಬಿಟ್ಟ. ಸೈಕಲ್ ಹಿಡಿದರು, ವೇದಿಕೆಗೆ ಹತ್ತಿಸಿದರು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಅವನು ಬಾಯಿ ತೆರೆದ. ಅಲ್ಲ ಅನ್ನಲಿಕ್ಕೇ ತೆರೆದ, ಅದು ನಿಜ. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲಲಿ, ಹೇಳುತ್ತೇನೆ ಅಂದುಕೊಂಡ. ಚಪ್ಪಾಳೆ ನಿಂತಿತು, ಹೇಳಲಿಲ್ಲ. ಈಗ ಹೇಳಿದರೆ ಇವರಿಗೆ ಬೇಸರ, ಎರಡು ನಿಮಿಷ ನಿಂತು ಹೋದರಾಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡು ನಿಮಿಷದಲ್ಲಿ ಮುಗಿಯುವ ಸನ್ಮಾನವನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಸ್ವಾಗತ, ಪ್ರಾಸ್ತಾವಿಕ ನುಡಿ, ಹೋರಾಟ ಸಮಿತಿಯ ಅಧ್ಯಕ್ಷರ ಮಾತು, ಉಪಾಧ್ಯಕ್ಷರ ಮಾತು. ಅಧ್ಯಕ್ಷರು ಮುಂದಿನ ಊರಿಗೆ ಫೋನನ್ನೂ ಮಾಡಿದರು, ಯಾತ್ರಿಕರು ಬರುತ್ತಿದ್ದಾರೆ, ಹಾಗೇ ಕಳಿಸಬೇಡಿ ಅಂತ.

ಎರಡನೆಯ ಊರಿನವರು ಊರ ಹೊರಗೇ ಬಂದು ನಿಂತಿದ್ದರು. ಡೊಳ್ಳು ತರಿಸಿದ್ದರು, ಹಾರ, ಶಾಲು, ರೇಷ್ಮೆ ಪೇಟ ತಂದಿದ್ದರು. ಹೆಲ್ಮೆಟ್ಟು ತೆಗೆಸಿ ಪೇಟ ಸುತ್ತಿದರು. ಉಪ್ಪಿಟ್ಟು, ಶಿರಾ, ಮಜ್ಜಿಗೆ ಕೊಟ್ಟರು. ಅಲ್ಲಿ ಅವನು ಬಾಯಿ ತೆರೆಯಲಿಕ್ಕೂ ಹೋಗಲಿಲ್ಲ. ಫೋಟೋಗೆ ನಿಂತಾಗ ಸೈಕಲ್ ಎತ್ತಿ ಹಿಡಿಯಲೇ ಅಂತ ತಾನೇ ಕೇಳಿದ. ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು, ಅಕ್ಕನ ಮಗನದು. ಡೊಳ್ಳಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಅಲ್ಲಿಂದ ಮುಂದೆ ಎದುರುಗಾಳಿ ಎದ್ದಿತು, ಬಿಸಿಲು ಏರಿತು, ಟಾರು ಬೇಯುತ್ತಿತ್ತು. ಸೈಕಲ್ ತುಳಿಯುವವರಿಗೆ ಗೊತ್ತು, ಎದುರುಗಾಳಿಯಲ್ಲಿ ಒಂದು ಸಲ ಇಳಿದರೆ ಮತ್ತೆ ಹತ್ತುವುದು ಎಷ್ಟು ಕಷ್ಟ ಅಂತ. ಆದರೂ ಮೂರನೆಯ ಊರು ಕಾಣುತ್ತಲೇ ಅವನು ಏನು ಮಾಡಿದ ಗೊತ್ತೇ? ನಿಧಾನ ಮಾಡಿದ. ಜನ ನಿಂತಿದ್ದಾರೋ ಇಲ್ಲವೋ ಅಂತ ಕತ್ತು ಉದ್ದ ಮಾಡಿ ನೋಡಿದ. ನಿಲ್ಲದೆ ಹೋಗುತ್ತಾರೇನು? ನಿಂತಿದ್ದರು. ಬಜಾರಿನ ತುಂಬ ನಿಂತಿದ್ದರು.

ಅಲ್ಲಿ ಮೈಕು ಅವನ ಕೈಗೇ ಬಂತು. ನಮ್ಮ ಅಕ್ಕತಂಗಿಯರು ಜಡ್ಡು ಬಿದ್ದರೆ ದೊಡ್ಡಾಸ್ಪತ್ರೆ ಮುಟ್ಟಲು ರೈಲಿಲ್ಲ, ನೋಡಬೇಕು ಅಂದವರು ನೋಡಲಾಗದೆ, ಕೊನೆಗೊಂದು ಗುಟುಕು ನೀರು ಹಾಕಲಾಗದೆ ಕೊರಗುತ್ತಿದ್ದಾರೆ ಅಂತ ಮಾತಾಡಿದ. ಜನ ಕಣ್ಣೊರೆಸಿಕೊಂಡರು. ಅವನೂ ಒರೆಸಿಕೊಂಡ. ತನ್ನ ಮನೆಯ ಸಾವನ್ನು ತಾನೇ ಎತ್ತಿಕೊಂಡು ಸಂತೆಯಲ್ಲಿ ಮಾರಿದ ನೋಡಿ!

ವೇದಿಕೆ ಇಳಿದಾಗ ಒಬ್ಬ ಮುದುಕಿ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಭಾಷಣ ಅವಳಿಗೆ ಕೇಳಿಸಿರಲಿಲ್ಲ, ಕಿವಿ ಮಂದ. ಬೆಳಗಿನಿಂದ ಆ ದಾರಿಯಲ್ಲಿ ಯಾರೂ ಕೇಳದ ಮಾತನ್ನು ಅವಳೊಬ್ಬಳು ಕೇಳಿದಳು.

"ಯಾಕೋ ಯಪ್ಪಾ, ಇಷ್ಟು ಬಿಸಲಾಗ ಎಲ್ಲಿಗೆ ಹೊಂಟೀ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ನೋಡಿ, ಅವಳ ಪಕ್ಕದಲ್ಲೇ ಹೋರಾಟ ಸಮಿತಿಯ ಜೀಪು ನಿಂತಿತ್ತು. ಬಾವುಟ ಕಟ್ಟಿದ ಜೀಪು, ಯಾವ ಊರಲ್ಲೂ ಅದಕ್ಕೆ ತಡೆಯಿಲ್ಲ. ಅಕ್ಕ ಸಾಯಲಿಕ್ಕತ್ತಾಳವ್ವ ಅಂತ ಅವನು ಒಂದು ಮಾತು ಅಂದಿದ್ದರೆ ಆ ಜನ ಸೈಕಲ್ ಸಮೇತ ಅವನನ್ನು ಜೀಪಿಗೆ ಹಾಕಿಕೊಂಡು ಅಕ್ಕನ ಬಾಗಿಲಲ್ಲಿ ಇಳಿಸುತ್ತಿದ್ದರು. ಕೆಟ್ಟ ಜನರಲ್ಲ ಅವರು. ಆದರೆ ಈಗ ತಾನೆ ಅಷ್ಟು ಮಂದಿಯ ಎದುರು ರೈಲಿನ ಯಾತ್ರಿಕನಾಗಿ ಅತ್ತವನು, ಅದೇ ಮಂದಿಯ ಎದುರು ಹೇಗೆ ಹೇಳುತ್ತಾನೆ?

"ಹೋರಾಟಕ್ಕ ಹೊಂಟೀನವ್ವ," ಅಂದ. ನೀರು ಕುಡಿದ. ಸೈಕಲ್ ಹತ್ತಿದ.

ಮುಟ್ಟಿದಾಗ ಹೊತ್ತು ಇಳಿದಿತ್ತು. ಶಾಲು, ಪೇಟ ಚೀಲದೊಳಗೆ ಹೋಗಿದ್ದವು. ಮೊದಲಿನ ಎರಡು ಹಾರ ಬಾಡಿದ್ದವು, ಅವನ್ನು ದಾರಿಯಲ್ಲೇ ಬಿಸಾಡಿದ್ದ. ಮೂರನೆಯ ಊರಿನದು ದೊಡ್ಡ ಗುಲಾಬಿ ಹಾರ, ಬಿಸಾಡಲು ಮನಸ್ಸಾಗದೆ ಹ್ಯಾಂಡಲ್ಲಿಗೆ ನೇತುಹಾಕಿದ್ದ. ಅಂಗಳದ ತುಂಬ ಜನ. ಒಳಗೆ ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ ಹಚ್ಚಿದ್ದರು. ಮಗ್ಗುಲಲ್ಲಿ ನೀರಿನ ಲೋಟ ಇಟ್ಟದ್ದು ಇಟ್ಟಂತೆಯೇ ಇತ್ತು. ಮಧ್ಯಾಹ್ನ ಜೀವ ಹೋಯಿತು ಅಂದರು. ಮಧ್ಯಾಹ್ನ ತಾನು ಎಲ್ಲಿದ್ದೆ, ಕೈಯಲ್ಲಿ ಏನು ಹಿಡಿದಿದ್ದೆ ಅನ್ನುವುದು ಅವನಿಗೆ ಗೊತ್ತಿತ್ತು.

ಅಕ್ಕನ ಮಗ ಅವನ ತೋಳು ಹಿಡಿದುಕೊಂಡು ಅತ್ತ.

"ಹೋಗೂತನಕ ನಿಮ್ಮದ ಮಾತು, ಮಾಮಾ. ಬಸ್ಸಿಲ್ಲ, ಸೈಕಲ್ ತುಳಕೋತ ಬರಾಕತ್ತಾನ, ದಾರ್ಯಾಗ ಏನು ತ್ರಾಸ ಆತೋ, ಯಾರರ ಅವಂಗ ಒಂದು ಗುಟುಕು ನೀರರ ಕೊಟ್ರೋ ಇಲ್ಲೋ ಅಂತಿದ್ಲು."

ಆಗ ಊರ ಹಿರಿಯರೊಬ್ಬರು ಹ್ಯಾಂಡಲ್ಲಿನ ಮೇಲಿದ್ದ ಹಾರ ನೋಡಿದರು. ಪಾಪ, ಇಂಥ ಬಂದ್‌ನಲ್ಲೂ ಅಕ್ಕನಿಗೆ ಅಂತ ಎಲ್ಲೋ ಹುಡುಕಿ ಹಾರ ತಂದಿದ್ದಾನೆ, ಒಡಹುಟ್ಟು ಅಂದರೆ ಹೀಗಿರಬೇಕು ಅಂದರು. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಹಾರ ತಂದು ಅವನ ಕೈಗೆ ಕೊಟ್ಟರು. ಈಗಲಾದರೂ ಅಲ್ಲ ಅಂದನೇ? ಅನ್ನಲಿಲ್ಲ. ತನ್ನ ಕೊರಳಿನಿಂದ ತೆಗೆದ ಹಾರವನ್ನು ಅಕ್ಕನ ಕೊರಳಿಗೆ ಹಾಕಿದ.

ಕಥೆ ಇಷ್ಟೇ. ಥೂ, ಎಂಥ ಮನುಷ್ಯ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದಿರಿ, ನನಗೆ ಕೇಳಿಸಿತು. ಅವಸರ ಬೇಡ, ತಂದೆ. ಸೊಸೆ ಮಾಡಿದ ಸೇವೆಗೆ ಮಗನನ್ನು ಹೊಗಳಿದಾಗ ಆ ಮಗ ಅಲ್ಲ ಅನ್ನುತ್ತಾನೆಯೇ? ಆಸ್ಪತ್ರೆಗೆ ಹೊರಟವನು ದಾರಿಯಲ್ಲಿ ನಾಲ್ಕು ಜನ ನಮಸ್ಕಾರ ಮಾಡಿದರೆ ಅಲ್ಲೇ ಚಹಾಕ್ಕೆ ನಿಲ್ಲುವುದಿಲ್ಲವೇ? ತಾಯಿಯ ಹೆಸರಿನಲ್ಲಿ ಅನ್ನದಾನ ಮಾಡಿ ಫಲಕ ಹಾಕಿಸಿದವರೇ, ಆ ತಾಯಿಯ ಜೊತೆ ಕೂತು ನೀವು ಉಂಡದ್ದು ಯಾವಾಗ? ಸಿಟ್ಟಾಗಬೇಡಿ. ಸಿಟ್ಟಾದರೂ ಉತ್ತರ ಕೊಟ್ಟುಕೊಳ್ಳಿ, ನನಗಲ್ಲ, ನಿಮಗೆ ನೀವು.

ಹಾರ ಹಾಕಿದವರದೂ ತಪ್ಪಿದೆ. ನಮ್ಮ ಕಡೆ ಹಾರ ಮೊದಲು, ವಿಚಾರ ಆಮೇಲೆ. ಇನ್ನು ಮುಂದೆ ಊರಿಗೆ ಬಂದವರನ್ನು ಮೊದಲು ಆ ಮುದುಕಿಯ ಹಾಗೆ ಕೇಳಿ. ಎಲ್ಲಿಗೆ ಹೊರಟಿ, ಯಾಕೆ ಹೊರಟಿ, ಮನೆಯಲ್ಲಿ ಎಲ್ಲರೂ ಆರಾಮವೇ. ಇಷ್ಟು ಕೇಳಲಿಕ್ಕೆ ಮೈಕು ಬೇಕಾಗಿಲ್ಲ. ನಿಮ್ಮದಲ್ಲದ ಹೊಗಳಿಕೆ ನಿಮ್ಮ ಕೊರಳಿಗೆ ಬಂದಾಗ ಮೊದಲನೆಯ ಊರಲ್ಲೇ ಅಲ್ಲ ಅನ್ನಿ. ಚಪ್ಪಾಳೆ ನಿಲ್ಲಲಿ ಅಂತ ಕಾಯಬೇಡಿ. ಮೊದಲನೆಯ ಊರಲ್ಲಿ ಅಲ್ಲ ಅನ್ನಲು ಬರೀ ನಾಚಿಕೆ. ಮೂರನೆಯ ಊರಲ್ಲಿ ನಾಲಿಗೆಯೇ ಹೊರಳುವುದಿಲ್ಲ. ನಾಳೆ ಹೋದರಾಯಿತು ಅಂತ ಬಿಟ್ಟ ಮನೆ ಯಾವುದಿದೆಯೋ, ಆ ಮನೆಗೆ ಇವತ್ತು ಹೋಗಿ.

ಅಡಿವೆಪ್ಪನವರೇ, ಪ್ರವಚನ ಮುಗಿದ ಮೇಲೆ ನನಗೆ ಹಾಕಬೇಕು ಅಂತ ತಟ್ಟೆಯಲ್ಲಿ ಶಾಲು, ಹಾರ ಹಿಡಿದು ಅಲ್ಲಿ ನಿಂತಿದ್ದೀರಿ. ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ ಅಂತ ಬೆಳಿಗ್ಗೆ ಯಾರೋ ಹೇಳಿದರು. ಅವರಿಗೆ ಊಟ ಮಾಡಿಸಿ ಬಂದಿರಾ? ತಲೆ ತಗ್ಗಿಸಬೇಡಿ. ತಟ್ಟೆ ಕೆಳಗಿಟ್ಟು ಮನೆಗೆ ನಡೆಯಿರಿ. ಉಳಿದವರೂ ಅಷ್ಟೇ, ಮನೆಯಲ್ಲಿ ಯಾರಾದರೂ ನಿಮ್ಮ ದಾರಿ ಕಾಯುತ್ತಿದ್ದರೆ ಈಗಲೇ ಏಳಿ. ಮಂಗಳಾರತಿಗೆ ನಿಲ್ಲಬೇಡಿ, ಅದನ್ನು ನಾನೊಬ್ಬನೇ ಮಾಡಿಕೊಳ್ಳುತ್ತೇನೆ. ಅವರ ಗಂಟಲಲ್ಲಿ ನೀರು ಇಳಿಯುವಾಗಲೇ ಹೋಗಿ ಮುಟ್ಟಿ.